ಉಷ್ಣದ ನಡಿಗೆಯನ್ನು ಅಳೆದ ಜೋಸೆಫ್ ಫೂರಿಯೆ

ಬೇಸಗೆಯ ಸಂಜೆ ಶಂಕಗಿರಿ ದುರ್ಗವನ್ನು ಹತ್ತಿದವರೆಲ್ಲರಿಗೂ ಒಂದು ಅನುಭವ ಆಗಿರುತ್ತದೆ. ಹೊತ್ತು ಮುಳುಗಿ ಗಾಳಿ ತಂಪಾಗಿದ್ದರೂ ಕಾಲಡಿಯ ಬಂಡೆ ಬಿಸಿಯಾಗಿಯೇ ಇರುತ್ತದೆ. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಕೋಟೆಬಾಗಿಲೊಂದರ ಒಳಗೆ ನಿಂತು ಕಲ್ಲುಗೋಡೆಗೆ ಬೆನ್ನು ಕೊಟ್ಟರೆ ಅಲ್ಲಿ ತಂಪು. ಬಾಲ್ಯದಲ್ಲಿ ನಾವೂ ಈ ಬಂಡೆಯ ಮೇಲೆ ಕುಳಿತಿದ್ದೇವೆ, ಈ ಗೋಡೆಗೆ ಒರಗಿದ್ದೇವೆ. ಹಗಲಿನ ಬಿಸಿ ಕಲ್ಲಿನೊಳಕ್ಕೆ ಎಷ್ಟು ಹೊತ್ತಿನಲ್ಲಿ ಎಷ್ಟು ದೂರ ನಡೆಯುತ್ತದೆ ಎಂಬ ಪ್ರಶ್ನೆ ಮಾತ್ರ ಆಗ ನಮಗೆ ಹೊಳೆದಿರಲಿಲ್ಲ. ಆ ಪ್ರಶ್ನೆಯನ್ನು ಕೇಳಿ, ಅದಕ್ಕೆ ಗಣಿತದ ಭಾಷೆಯಲ್ಲಿ ಉತ್ತರ ಕಂಡುಕೊಂಡು, ಆ ಉತ್ತರವನ್ನು ಲೋಕ ಒಪ್ಪುವವರೆಗೆ ಹದಿನೈದು ವರ್ಷ ಕಾದವರೊಬ್ಬರ ಜೀವನವನ್ನು ಈ ಸಂಚಿಕೆಯ ಓದುಗರ ಮುಂದೆ ಇಡುತ್ತಿದ್ದೇವೆ.

ಶತಮಾನೋತ್ಸವದ ಸಂಚಿಕೆಗಳಲ್ಲಿ ಕವಿಗಳ, ನಾಡು ಕಟ್ಟಿದವರ, ದಾನಿಗಳ ಚರಿತ್ರೆ ಬರುವುದು ವಾಡಿಕೆ. ಫ್ರಾನ್ಸಿನ ಗಣಿತಜ್ಞರೊಬ್ಬರಿಗೆ ಇಲ್ಲಿ ಏನು ಕೆಲಸ ಎಂದು ಕೆಲವರು ಕೇಳಬಹುದು. ನಮ್ಮ ಸುತ್ತ ಒಮ್ಮೆ ನೋಡಿದರೆ ಸಾಕು. ಶಂಕಗಿರಿಯ ಸಿಮೆಂಟ್ ಕಾರ್ಖಾನೆಯ ಗೂಡು, ಸೇಲಂ ಬಳಿಯ ಸುಣ್ಣದ ಗುಡ್ಡಗಳಿಂದ ಅಗೆದ ಮ್ಯಾಗ್ನೆಸೈಟಿನಿಂದ ಸುಟ್ಟ ಇಟ್ಟಿಗೆ, ಸೇಲಂ ಉಕ್ಕಿನ ಕಾರ್ಖಾನೆಯ ತಗಡು, ಮೆಟ್ಟೂರಿನ ಅಣೆಕಟ್ಟು, ಊರ ತುಂಬ ನಿಂತಿರುವ ಲಾರಿಗಳು. ಇವೆಲ್ಲವೂ ಬಿಸಿಯೊಡನೆ ಹೆಣಗುವ ವಸ್ತುಗಳೇ. ಇವುಗಳ ನಡುವೆ ದುಡಿಯುವ ಮನೆಗಳಿಂದ ನಮ್ಮ ಮಕ್ಕಳು ಬರುತ್ತಾರೆ. ಎಂಜಿನಿಯರಿಂಗ್ ಓದಿದ ಹಳೆಯ ವಿದ್ಯಾರ್ಥಿಗಳು ಫೌರಿಯರ್ ನಿಯಮ ಎಂಬ ಹೆಸರನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದಾರೆ. ಪಠ್ಯಪುಸ್ತಕದ ಆ ಫೌರಿಯರ್ ಅವರೇ ಫ್ರೆಂಚ್ ಉಚ್ಚಾರಕ್ಕೆ ಹತ್ತಿರವಾಗಿ ನಾವು ಇಲ್ಲಿ ಫೂರಿಯೆ ಎಂದು ಬರೆಯುತ್ತಿರುವ ವ್ಯಕ್ತಿ. ಸೂತ್ರಕ್ಕೆ ಅಂಟಿಕೊಂಡು ಹೆಸರು ಉಳಿಯಿತು, ಹೆಸರಿನ ಹಿಂದಿನ ಮನುಷ್ಯ ಮರೆಯಾದರು.

ಝಾನ್ ಬಾಪ್ತಿಸ್ತ್ ಜೋಸೆಫ್ ಫೂರಿಯೆ ಹುಟ್ಟಿದ್ದು 1768ರ ಮಾರ್ಚ್ 21ರಂದು, ಪ್ಯಾರಿಸ್ಸಿನ ಆಗ್ನೇಯಕ್ಕಿರುವ ಓಸೇರ್ ಎಂಬ ಪಟ್ಟಣದಲ್ಲಿ. ತಂದೆ ದರ್ಜಿ. ಮನೆ ತುಂಬ ಮಕ್ಕಳು. ಹುಡುಗನಿಗೆ ಹತ್ತು ವರ್ಷವಾಗುವ ಹೊತ್ತಿಗೆ ತಾಯಿಯೂ ತಂದೆಯೂ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ತಬ್ಬಲಿಯಾದ ಅವನನ್ನು ಊರಿನ ಚರ್ಚಿನ ಆಸರೆ ಪಡೆದ ಶಾಲೆಯೊಂದು ಸೇರಿಸಿಕೊಂಡಿತು. ಅಲ್ಲಿಂದ ಬೆನೆಡಿಕ್ಟೀನ್ ಪಂಥದ ಸಂನ್ಯಾಸಿಗಳು ನಡೆಸುತ್ತಿದ್ದ ಸೈನಿಕ ಶಾಲೆಗೆ ಹೋದನು. ಮೊದಲು ಅವನ ಒಲವು ಸಾಹಿತ್ಯದ ಕಡೆಗಿತ್ತು. ಹದಿಮೂರರ ಪ್ರಾಯದಲ್ಲಿ ಗಣಿತ ಹಿಡಿಯಿತು, ಮುಂದೆ ಬಿಡಲೇ ಇಲ್ಲ. ಹಗಲಿನ ಪಾಠ ಸಾಲದೆ, ಉರಿದು ಉಳಿದ ಮೇಣದಬತ್ತಿಯ ತುಂಡುಗಳನ್ನು ಅಡುಗೆಮನೆಯಿಂದಲೂ ಪಡಸಾಲೆಯಿಂದಲೂ ಆಯ್ದಿಟ್ಟುಕೊಂಡು, ಎಲ್ಲರೂ ಮಲಗಿದ ಮೇಲೆ ಓದುತ್ತಿದ್ದನೆಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಹದಿನಾಲ್ಕು ತುಂಬುವಷ್ಟರಲ್ಲಿ ಬೆಜೂ ಎಂಬ ವಿದ್ವಾಂಸರು ಬರೆದಿದ್ದ ಆರು ಸಂಪುಟಗಳ ಗಣಿತಪಾಠವನ್ನು ಮುಗಿಸಿದ್ದನು.

ಆ ಕಾಲದಲ್ಲಿ ಗಣಿತ ಬಲ್ಲ ತರುಣನಿಗೆ ಫಿರಂಗಿ ದಳವೇ ದಾರಿ. ಅರ್ಜಿ ಹೋಯಿತು, ಗುರುಗಳ ಶಿಫಾರಸೂ ಹೋಯಿತು. ಬಂದ ಉತ್ತರದ ಸಾರ ಇಷ್ಟೇ: ಹುಡುಗನು ಕುಲೀನನಲ್ಲ, ಎರಡನೆಯ ನ್ಯೂಟನ್ ಆಗಿದ್ದರೂ ಅವನಿಗೆ ಅಲ್ಲಿ ಸ್ಥಳವಿಲ್ಲ. ದರ್ಜಿಯ ಮಗನಿಗೆ ಸೇನೆಯ ಬಾಗಿಲು ಮುಚ್ಚಿದಾಗ ಮಠದ ಬಾಗಿಲು ತೆರೆದಿತ್ತು. 1787ರಲ್ಲಿ ಲ್ವಾರ್ ನದಿಯ ದಂಡೆಯ ಸೇಂಟ್ ಬೆನ್ವಾ ಮಠವನ್ನು ಸೇರಿ, ಸಂನ್ಯಾಸಕ್ಕೆ ಸಿದ್ಧರಾಗುತ್ತಿದ್ದ ತರುಣರಿಗೆ ಗಣಿತ ಕಲಿಸತೊಡಗಿದರು. ದೀಕ್ಷೆಯನ್ನು ಮಾತ್ರ ತೆಗೆದುಕೊಳ್ಳಲಿಲ್ಲ. 1789ರಲ್ಲಿ ಕ್ರಾಂತಿ ಒದಗಿತು. ಮಠವನ್ನು ಬಿಟ್ಟು ಬಂದು, ತಾವು ಓದಿದ ಓಸೇರಿನ ಶಾಲೆಯಲ್ಲಿಯೇ ಉಪಾಧ್ಯಾಯರಾದರು. ಗಣಿತ, ಚರಿತ್ರೆ, ಅಲಂಕಾರಶಾಸ್ತ್ರ, ಯಾವುದನ್ನು ಕಲಿಸಲು ಹೇಳಿದರೂ ಕಲಿಸಿದರು. ಓದಿದ ಶಾಲೆಗೇ ಮರಳಿ ಪಾಠ ಹೇಳಿದವರು ನಮ್ಮಲ್ಲಿಯೂ ಇದ್ದಾರೆ. ಅವರಿಗೆ ಈ ಭಾಗ ಹಿಡಿಸೀತು.

ಕ್ರಾಂತಿಯ ಮೊದಲ ಮಾತುಗಳು ಸಮಾನತೆಯ ಮಾತುಗಳು. ಹುಟ್ಟಿನ ಕಾರಣಕ್ಕೆ ತಡೆಯಲ್ಪಟ್ಟಿದ್ದ ಫೂರಿಯೆ ಅವರಿಗೆ ಅವು ಹಿಡಿಸಿದ್ದು ಸಹಜ. 1793ರಲ್ಲಿ ಊರಿನ ಕ್ರಾಂತಿ ಸಮಿತಿಯನ್ನು ಸೇರಿದರು. ಭೀತಿಯ ಆಳ್ವಿಕೆ ಬಂದು ತಲೆಗಳು ಉರುಳತೊಡಗಿದಾಗ ಹಿಂದೆಗೆಯಲು ನೋಡಿದರು, ಬಿಡುಗಡೆ ಸಿಗಲಿಲ್ಲ. ಆರ್ಲೆಆಂ ಪಟ್ಟಣದಲ್ಲಿ ಕಿರುಕುಳಕ್ಕೆ ಸಿಕ್ಕಿದ ಕೆಲವರ ಪರವಾಗಿ ಮಾತನಾಡಿದ್ದೇ ಅಪರಾಧವಾಗಿ 1794ರ ಜುಲೈಯಲ್ಲಿ ಸೆರೆಮನೆ ಸೇರಿದರು. ಗಿಲೊಟೀನಿನ ದಾರಿ ಅಲ್ಲಿಂದ ದೂರವಿರಲಿಲ್ಲ. ಅದೇ ತಿಂಗಳ ಕೊನೆಯಲ್ಲಿ ರೋಬ್‌ಸ್ಪಿಯೇರ್ ಬಿದ್ದನು, ಫೂರಿಯೆ ಬದುಕಿಕೊಂಡರು. ಆ ಕೆಲವು ದಿನಗಳು ಹಿಂದುಮುಂದಾಗಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ.

1795ರಲ್ಲಿ ಉಪಾಧ್ಯಾಯರನ್ನು ತಯಾರುಮಾಡಲು ಪ್ಯಾರಿಸ್ಸಿನಲ್ಲಿ ತೆರೆದ ಎಕೋಲ್ ನೊರ್ಮಾಲಿಗೆ ಅವರು ಆಯ್ಕೆಯಾದರು. ಲಗ್ರಾಂಜ್, ಲಪ್ಲಾಸ್, ಮೊಂಜ್ ಅಲ್ಲಿ ಗುರುಗಳು. ಒಂದೇ ಪಾಠಶಾಲೆಯಲ್ಲಿ ಇಂಥ ಮೂವರು ಕಲಿಸಿದ ಉದಾಹರಣೆಗಳು ವಿರಳ. ಹಳೆಯ ರಾಜಕೀಯದ ನೆಪದಲ್ಲಿ ಇನ್ನೊಮ್ಮೆ ಸೆರೆಯಾಗಿ, ಬಿಡುಗಡೆ ಹೊಂದಿ, ಎಕೋಲ್ ಪೊಲಿಟೆಕ್ನೀಕಿನಲ್ಲಿ ಪಾಠ ಹೇಳತೊಡಗಿದರು. 1797ರಲ್ಲಿ ಲಗ್ರಾಂಜರ ಪೀಠವೇ ಅವರದಾಯಿತು. ವಯಸ್ಸು ಇಪ್ಪತ್ತೊಂಬತ್ತು.

ಮರುವರ್ಷ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿದಾಗ ಸೈನಿಕರೊಡನೆ ವಿದ್ವಾಂಸರ ತಂಡವೊಂದನ್ನೂ ಹಡಗು ಹತ್ತಿಸಿದನು. ಫೂರಿಯೆ ಅದರಲ್ಲಿ ಒಬ್ಬರು. ಕೈರೋದಲ್ಲಿ ಸ್ಥಾಪಿತವಾದ ಈಜಿಪ್ಟ್ ಸಂಸ್ಥೆಗೆ ಮೊಂಜ್ ಅಧ್ಯಕ್ಷರು, ಫೂರಿಯೆ ಕಾರ್ಯದರ್ಶಿ. ಇಲ್ಲಿ ನಮ್ಮ ಸೀಮೆಯ ಚರಿತ್ರೆ ಅವರ ಜೀವನದ ಅಂಚನ್ನು ಸೋಕುತ್ತದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಶಂಕಗಿರಿ, ಸೇಲಂ, ಬಾರಾಮಹಲ್ ಎಲ್ಲವೂ ಮೈಸೂರಿನ ಆಳ್ವಿಕೆಯಲ್ಲಿದ್ದವು. ಆ ಒಪ್ಪಂದದಿಂದ ಅವು ಕಂಪೆನಿಯ ಪಾಲಾದವು. ಕಳೆದುಕೊಂಡದ್ದನ್ನು ಮರಳಿ ಪಡೆಯಲು ಟಿಪ್ಪು ಸುಲ್ತಾನರು ಫ್ರೆಂಚರ ನೆರವನ್ನು ಎದುರುನೋಡುತ್ತಿದ್ದರು. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದಲೇ ಟಿಪ್ಪುವಿಗೆ ಪತ್ರ ಬರೆದನು. ಪತ್ರ ದಾರಿಯಲ್ಲಿ ಆಂಗ್ಲರ ಕೈಸೇರಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದರು. ಆ ಪತ್ರ ಹೊರಟ ನಗರದಲ್ಲಿಯೇ ಫೂರಿಯೆ ಆಗ ಸಂಸ್ಥೆಯ ಕಡತಗಳನ್ನು ನೋಡಿಕೊಂಡು, ಪ್ರಾಚೀನ ಈಜಿಪ್ಟಿನ ಅವಶೇಷಗಳ ವಿವರಗಳನ್ನು ಕಲೆಹಾಕುತ್ತಿದ್ದರು. ಅವರಿಗೆ ಶಂಕಗಿರಿಯ ಹೆಸರು ಗೊತ್ತಿದ್ದಿರಲಾರದು. ಆದರೂ ದುರ್ಗದ ಬಾಗಿಲಲ್ಲಿ ನಿಂತಾಗ ನಮಗೆ ಈ ಸಂಗತಿ ನೆನಪಾಗುತ್ತದೆ.

1801ರಲ್ಲಿ ಫ್ರೆಂಚ್ ಸೇನೆ ಸೋತು ಈಜಿಪ್ಟನ್ನು ಬಿಟ್ಟಿತು. ಫೂರಿಯೆ ಊರಿಗೆ ಮರಳಿ ಪಾಠ ಹೇಳಿಕೊಂಡು ಇರಬೇಕೆಂದಿದ್ದರು. ನೆಪೋಲಿಯನ್ ಒಪ್ಪಲಿಲ್ಲ. 1802ರಲ್ಲಿ ಅವರನ್ನು ಗ್ರೆನೋಬ್ಲ್ ನಗರ ಕೇಂದ್ರವಾಗಿದ್ದ ಇಸೇರ್ ಪ್ರಾಂತ್ಯಕ್ಕೆ ಪ್ರಿಫೆಕ್ಟರನ್ನಾಗಿ ಕಳುಹಿಸಿದನು. ನಮ್ಮ ಮಾತಿನಲ್ಲಿ ಹೇಳುವುದಾದರೆ ಜಿಲ್ಲಾಧಿಕಾರಿಯ ಹುದ್ದೆ. ಬೂರ್ಗ್ವಾನ್ ಎಂಬಲ್ಲಿ ದೊಡ್ಡ ಜೌಗು ಪ್ರದೇಶವೊಂದು ಜ್ವರದ ತವರಾಗಿತ್ತು. ಅದನ್ನು ಬರಿದುಮಾಡಲು ಸುತ್ತಲಿನ ಸುಮಾರು ನಲವತ್ತು ಊರುಗಳು ಒಪ್ಪಬೇಕಾಗಿತ್ತು, ಎಷ್ಟೋ ಕಾಲದಿಂದ ಒಪ್ಪಿರಲಿಲ್ಲ. ಫೂರಿಯೆ ಊರೂರಿಗೆ ಹೋಗಿ, ಮನೆಮನೆಯಲ್ಲಿ ಕುಳಿತು ಮಾತನಾಡಿ ಒಪ್ಪಿಸಿದರು. ಆಲ್ಪ್ಸ್ ಬೆಟ್ಟಗಳ ನಡುವೆ ಇಟಲಿಯ ಟ್ಯೂರಿನಿನ ಕಡೆಗೆ ರಸ್ತೆ ಕಡಿಸಿದರು. ಈಜಿಪ್ಟಿನ ವಿವರಣೆಯ ಬೃಹತ್ ಸಂಪುಟಗಳಿಗೆ ದೀರ್ಘವಾದ ಮುನ್ನುಡಿಯನ್ನು ಬರೆದರು. ಈಜಿಪ್ಟಿನ ಚಿತ್ರಲಿಪಿಯ ಹುಚ್ಚು ಹಿಡಿದಿದ್ದ ಶಾಂಪೋಲಿಯೋ ಎಂಬ ಬಾಲಕನಿಗೆ ಪ್ರೋತ್ಸಾಹ ಕೊಟ್ಟರು. ಮುಂದೆ ಅವನನ್ನು ಕಡ್ಡಾಯ ಸೈನ್ಯಸೇವೆಯಿಂದ ಉಳಿಸಿದರು. ಆ ಬಾಲಕನೇ ಬೆಳೆದು 1822ರಲ್ಲಿ ಆ ಲಿಪಿಯ ಗುಟ್ಟನ್ನು ಬಿಡಿಸಿದನು. ಒಬ್ಬ ಅಧಿಕಾರಿಯ ಆಯುಸ್ಸಿಗೆ ಇಷ್ಟೇ ಸಾಕಾಗಿತ್ತು. ಆದರೆ ಅವರ ನಿಜವಾದ ಕೆಲಸ ಕಚೇರಿಯ ಹೊತ್ತು ಮುಗಿದ ಮೇಲೆ ಆರಂಭವಾಗುತ್ತಿತ್ತು.

ಸುಮಾರು 1804ರಿಂದ ಅವರ ಮನಸ್ಸನ್ನು ಹಿಡಿದದ್ದು ಉಷ್ಣವಹನದ ಪ್ರಶ್ನೆ. ಕಬ್ಬಿಣದ ಸರಳಿನ ಒಂದು ತುದಿ ಬೆಂಕಿಯಲ್ಲಿದ್ದರೆ ಇನ್ನೊಂದು ತುದಿ ಎಷ್ಟು ಹೊತ್ತಿಗೆ ಎಷ್ಟು ಕಾಯುತ್ತದೆ? ಆ ಕಾಲದ ಪಂಡಿತರು ಉಷ್ಣವೆಂದರೆ ಏನು ಎಂಬ ಚರ್ಚೆಯಲ್ಲಿ ಮುಳುಗಿದ್ದರು. ಅದೊಂದು ಕಣ್ಣಿಗೆ ಕಾಣದ ದ್ರವ ಎಂದು ಕೆಲವರು, ಕಣಗಳ ಚಲನೆ ಎಂದು ಕೆಲವರು. ಫೂರಿಯೆ ಈ ಜಗಳಕ್ಕೆ ಹೋಗಲಿಲ್ಲ. ಉಷ್ಣ ಏನೇ ಆಗಿರಲಿ, ಅದು ಹರಿಯುವ ಕ್ರಮವನ್ನು ಅಳೆಯಬಹುದು ಎಂದು ಹೊರಟರು. ಅವರ ಬುದ್ಧಿಯ ದೊಡ್ಡತನ ಇಲ್ಲಿಯೇ ಇದೆ ಎಂಬುದು ನಮ್ಮ ಅಭಿಪ್ರಾಯ.

ಅವರು ಕಂಡ ನಿಯಮವನ್ನು ಸಂಕೇತಗಳಿಲ್ಲದೆಯೂ ಹೇಳಬಹುದು. ಒಂದು ಗೋಡೆಯ ಎರಡು ಮೈಗಳ ತಾಪದಲ್ಲಿ ಎಷ್ಟು ವ್ಯತ್ಯಾಸವಿದೆಯೋ ಅದಕ್ಕೆ ತಕ್ಕಷ್ಟು ಉಷ್ಣ ದಾಟುತ್ತದೆ. ಗೋಡೆಯ ವಿಸ್ತಾರ ಹೆಚ್ಚಿದಂತೆ ಹೆಚ್ಚು, ದಪ್ಪ ಹೆಚ್ಚಿದಂತೆ ಕಡಿಮೆ. ಉಳಿದದ್ದು ಗೋಡೆಯ ವಸ್ತುವಿನ ಗುಣ, ಅದರ ಉಷ್ಣವಾಹಕತೆ. ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಯ ಹೊರಮೈ ಒಳಮೈಗಿಂತ 20 ಡಿಗ್ರಿ ಹೆಚ್ಚು ಬಿಸಿಯಾಗಿಯೇ ಉಳಿದರೆ, ಅದರ ಒಂದೊಂದು ಚದರ ಮೀಟರಿನಿಂದಲೂ ಹಳೆಯ 60 ವ್ಯಾಟ್ ಬಲ್ಬು ಒಂದು ಬಿಡುವಷ್ಟು ಉಷ್ಣ ಮನೆಯೊಳಕ್ಕೆ ಬರುತ್ತದೆ. ಮೇ ತಿಂಗಳಲ್ಲಿ ಪಶ್ಚಿಮದ ಗೋಡೆಯ ಪಕ್ಕ ಮಲಗಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವಸ್ತುವಿನ ಗುಣವನ್ನು ನಮ್ಮ ತಾಯಂದಿರು ಸೂತ್ರವಿಲ್ಲದೆಯೇ ಬಲ್ಲರು. ತಾಮ್ರದ ವಾಹಕತೆ ನಾವು ಎವರ್‌ಸಿಲ್ವರ್ ಎಂದು ಕರೆಯುವ ಸ್ಟೇನ್‌ಲೆಸ್ ಸ್ಟೀಲಿನದಕ್ಕಿಂತ ಸುಮಾರು ಇಪ್ಪತ್ತೈದು ಪಟ್ಟು ಹೆಚ್ಚು. ಎವರ್‌ಸಿಲ್ವರ್ ಪಾತ್ರೆಯಲ್ಲಿ ಹಾಲು ಕಾಯಿಸಿದರೆ ಉರಿ ತಾಗಿದ ಜಾಗದಲ್ಲಿಯೇ ತಳ ಹಿಡಿಯುತ್ತದೆ, ಏಕೆಂದರೆ ಬಿಸಿ ಬದಿಗೆ ಹರಡಿಕೊಳ್ಳುವುದು ನಿಧಾನ. ತಳಕ್ಕೆ ತಾಮ್ರ ಬಳಿದ ಪಾತ್ರೆಗಳು ಅಂಗಡಿಗೆ ಬಂದದ್ದು ಇದಕ್ಕಾಗಿ. ಅದೇ ಎವರ್‌ಸಿಲ್ವರ್ ಸೌಟಿನ ಹಿಡಿ ಬೇಗ ಕೈ ಸುಡದಿರುವುದೂ ಇದೇ ಗುಣದಿಂದ.

ಆದರೆ ಇಷ್ಟು ನಿಯಮ ಸ್ಥಿರವಾದ ಸ್ಥಿತಿಗೆ ಮಾತ್ರ ಸಾಕು. ಬಿಸಿಯಾಗುತ್ತಿರುವ, ಆರುತ್ತಿರುವ ವಸ್ತುವಿನಲ್ಲಿ ತಾಪ ಕ್ಷಣಕ್ಷಣಕ್ಕೂ, ಬಿಂದುಬಿಂದುವಿಗೂ ಬೇರೆ. ಫೂರಿಯೆ ವಸ್ತುವನ್ನು ಮನಸ್ಸಿನಲ್ಲಿಯೇ ತೀರ ತೆಳುವಾದ ಹೋಳುಗಳನ್ನಾಗಿ ಕತ್ತರಿಸಿ, ಪ್ರತಿಯೊಂದು ಹೋಳಿಗೂ ಒಳಬರುವ ಉಷ್ಣ, ಹೊರಹೋಗುವ ಉಷ್ಣ, ಉಳಿದು ಅದನ್ನು ಕಾಯಿಸುವ ಉಷ್ಣ ಇವುಗಳ ಲೆಕ್ಕವನ್ನು ಬರೆದರು. ಅಂಗಡಿಯ ಜಮಾಖರ್ಚಿನಂಥ ಈ ಲೆಕ್ಕವೇ ಉಷ್ಣದ ಸಮೀಕರಣ. ಅದರಿಂದ ಹೊರಟ ಒಂದು ಫಲಿತಾಂಶ ಎಂಜಿನಿಯರರಿಗೆ ಬಹಳ ಮುಖ್ಯ: ದಪ್ಪ ಎರಡು ಪಟ್ಟಾದರೆ ಬಿಸಿ ಒಳಕ್ಕೆ ಮುಟ್ಟುವ ಕಾಲ ನಾಲ್ಕು ಪಟ್ಟು, ದಪ್ಪ ಹತ್ತು ಪಟ್ಟಾದರೆ ಕಾಲ ನೂರು ಪಟ್ಟು.

ಬರೆದುದನ್ನು ಪರೀಕ್ಷಿಸಿಯೂ ನೋಡಿದರು. ಕಬ್ಬಿಣದ ಬಳೆಯೊಂದನ್ನು ಮಾಡಿಸಿ, ಅಲ್ಲಲ್ಲಿ ಕುಳಿ ಕೊರೆದು ಉಷ್ಣತಾಮಾಪಕಗಳನ್ನು ಇಟ್ಟು, ಒಂದು ಕಡೆ ಕಾಯಿಸಿ, ಬೆಂಕಿಯಿಂದ ತೆಗೆದು ಆರಲು ಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಬಳೆಯ ಎದುರುಬದುರಿನ ಯಾವ ಎರಡು ಬಿಂದುಗಳ ತಾಪವನ್ನು ಕೂಡಿಸಿದರೂ ಮೊತ್ತ ಒಂದೇ ಬರಬೇಕೆಂದು ಲೆಕ್ಕ ಹೇಳಿತ್ತು. ಬಳೆಯೂ ಹಾಗೆಯೇ ನಡೆದುಕೊಂಡಿತು.

1807ರ ಡಿಸೆಂಬರ್ 21ರಂದು ಈ ಕೆಲಸವನ್ನು ಪ್ಯಾರಿಸ್ಸಿನ ವಿದ್ವತ್ಸಂಸ್ಥೆಗೆ ಒಪ್ಪಿಸಿದರು. ಪರಿಶೀಲಿಸಲು ನೇಮಕವಾದವರು ಲಗ್ರಾಂಜ್, ಲಪ್ಲಾಸ್, ಮೊಂಜ್ ಮತ್ತು ಲಕ್ರ್ವಾ. ಮೊದಲ ಮೂವರು ಅವರ ಗುರುಗಳೇ. ಸಮ್ಮತಿ ದೊರೆಯಲಿಲ್ಲ. ತಾಪ ಆರಂಭದಲ್ಲಿ ಹೇಗೆ ಹಂಚಿಕೊಂಡಿದ್ದರೂ, ಮುರಿದ ಗೆರೆಯಂತೆ ಅಂಕುಡೊಂಕಾಗಿದ್ದರೂ, ಅದನ್ನು ನಯವಾದ ಅಲೆಗಳ ಮೊತ್ತವಾಗಿ ಬರೆಯಬಹುದೆಂದು ಫೂರಿಯೆ ಹೇಳಿದ್ದರು. ಸಂಗೀತ ಬಲ್ಲವರಿಗೆ ಇದು ಬೇಗ ತಿಳಿದೀತು. ನಾಗಸ್ವರವೂ ಕೊಳಲೂ ಒಂದೇ ಷಡ್ಜವನ್ನು ಹಿಡಿದರೂ ದನಿ ಬೇರೆ ಕೇಳುವುದು ಮೂಲಸ್ವರದ ಜೊತೆಗೆ ಸೇರಿರುವ ಮೇಲಿನ ಸ್ವರಗಳ ಪ್ರಮಾಣ ಬೇರೆಯಾದುದರಿಂದ. ಅದರಂತೆಯೇ ಯಾವ ಆಕಾರವನ್ನಾದರೂ ದೊಡ್ಡ ಅಲೆ, ಅದರ ಅರ್ಧದ ಅಲೆ, ಮೂರನೆಯ ಒಂದರ ಅಲೆ ಎಂದು ಕೂಡಿಸುತ್ತ ಹೋಗಿ ಕಟ್ಟಬಹುದು. ಬಳೆಯಲ್ಲಿ ಚಿಕ್ಕ ಅಲೆಗಳು ಬೇಗ ಅಳಿದುಹೋಗಿ ದೊಡ್ಡದೊಂದೇ ಉಳಿದದ್ದರಿಂದ ಆ ಮೊತ್ತ ಒಂದೇ ಆಗಿ ಬಂದಿತ್ತು. ನಯವಾದ ಅಲೆಗಳಿಂದ ಮೂಲೆಯುಳ್ಳ ಗೆರೆ ಹೇಗೆ ಬಂದೀತು ಎಂದು ಲಗ್ರಾಂಜ್ ಒಪ್ಪಲಿಲ್ಲ. ಶಿಷ್ಯನ ಮೇಲಿನ ದ್ವೇಷ ಅದರಲ್ಲಿ ಇರಲಿಲ್ಲ. ಗಣಿತದ ದೃಷ್ಟಿಯಿಂದ ಅವರ ಆಕ್ಷೇಪಕ್ಕೆ ತೂಕವಿತ್ತು. ಫೂರಿಯೆ ಕೊಟ್ಟ ಸಾಧನೆಯಲ್ಲಿ ತೆರಪುಗಳಿದ್ದವು. ಆದರೆ ಉತ್ತರ ಸರಿಯಾಗಿತ್ತು.

ಸಂಸ್ಥೆ ಇದೇ ವಿಷಯವನ್ನು ಬಹುಮಾನದ ಸ್ಪರ್ಧೆಗೆ ಇಟ್ಟಿತು. ಫೂರಿಯೆ ಕೃತಿಯನ್ನು ವಿಸ್ತರಿಸಿ 1811ರಲ್ಲಿ ಕಳುಹಿಸಿದರು. 1812ರ ಆರಂಭದಲ್ಲಿ ಬಹುಮಾನ ಅವರಿಗೇ ಬಂದಿತು, ಜೊತೆಗೆ ವಿಧಾನದಲ್ಲಿ ವ್ಯಾಪ್ತಿಯೂ ಕಟ್ಟುನಿಟ್ಟೂ ಸಾಲದು ಎಂಬ ಟಿಪ್ಪಣಿಯೂ ಬಂದಿತು. ಬಹುಮಾನಿತ ಕೃತಿ ಅಚ್ಚಾಗದೆ ಉಳಿಯಿತು. ಗುರುಗಳಿಂದಲೇ ಹೀಗಾದುದಕ್ಕೆ ಅವರು ನೊಂದರು. ಕೆಲಸವನ್ನು ಬಿಡಲಿಲ್ಲ.

1815ರಲ್ಲಿ ರಾಜಕೀಯ ಮತ್ತೆ ಅವರನ್ನು ಹುಡುಕಿಕೊಂಡು ಬಂದಿತು. ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡ ನೆಪೋಲಿಯನ್ ಪ್ಯಾರಿಸ್ಸಿಗೆ ಹೋಗುವ ದಾರಿ ಗ್ರೆನೋಬ್ಲ್ ಮೂಲಕವೇ ಇತ್ತು. ಆಗ ಫೂರಿಯೆ ದೊರೆ ಹದಿನೆಂಟನೆಯ ಲೂಯಿಯ ಅಧಿಕಾರಿ. ಹಳೆಯ ಒಡೆಯನನ್ನು ಸ್ವಾಗತಿಸಲಾರದೆ, ತಡೆಯಲೂ ಆರದೆ ನಗರವನ್ನು ಬಿಟ್ಟು ಹೊರಟರು. ನೆಪೋಲಿಯನ್ ಕೆರಳಿದನು, ಆಮೇಲೆ ಸಮಾಧಾನಗೊಂಡು ಲಿಯೋ ನಗರದ ರೋನ್ ಪ್ರಾಂತ್ಯವನ್ನು ಕೊಟ್ಟನು. ಸ್ವಲ್ಪ ಕಾಲದಲ್ಲಿಯೇ ಆ ಹುದ್ದೆಯೂ ಹೋಯಿತು. ವಾಟರ್‌ಲೂ ಮುಗಿದಾಗ ಫೂರಿಯೆ ಪ್ಯಾರಿಸ್ಸಿನಲ್ಲಿ ಕೆಲಸವಿಲ್ಲದೆ ಕುಳಿತಿದ್ದರು. ಹಳೆಯ ಶಿಷ್ಯರಾದ ಶಾಬ್ರೋಲ್ ಸೆನ್ ಪ್ರಾಂತ್ಯದ ಪ್ರಿಫೆಕ್ಟರಾಗಿದ್ದರು. ಗುರುವನ್ನು ಮರೆಯದೆ ಅಲ್ಲಿನ ಅಂಕಿಸಂಖ್ಯೆಗಳ ಕಚೇರಿಯ ಹೊಣೆಯನ್ನು ಅವರಿಗೆ ವಹಿಸಿದರು. ಊಟಕ್ಕೆ ದಾರಿಯಾಯಿತು, ಓದಿಗೆ ಬಿಡುವಾಯಿತು. 1816ರಲ್ಲಿ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿದಾಗ ದೊರೆ ಅಂಕಿತ ಹಾಕಲಿಲ್ಲ. ಅಕಾಡೆಮಿ ಮರುವರ್ಷ ಮತ್ತೆ ಆರಿಸಿತು, ಈ ಸಲ ದೊರೆ ಸುಮ್ಮನಾದನು. 1822ರಲ್ಲಿ ಅವರು ಅಕಾಡೆಮಿಯ ಶಾಶ್ವತ ಕಾರ್ಯದರ್ಶಿಯಾದರು. ಉಷ್ಣದ ವಿಶ್ಲೇಷಣಾತ್ಮಕ ಸಿದ್ಧಾಂತ ಎಂಬ ಅವರ ಗ್ರಂಥ ಅಚ್ಚಾಗಿ ಹೊರಬಂದದ್ದೂ ಅದೇ ವರ್ಷ. ಪ್ರಬಂಧ ಓದಿದ ಮೇಲೆ ಹದಿನೈದನೆಯ ವರ್ಷ ಅದು.

ಆ ಗ್ರಂಥ ನಮ್ಮ ಊರಿನಲ್ಲಿ ಎಲ್ಲೆಲ್ಲಿ ಕೆಲಸಮಾಡುತ್ತಿದೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಸಿಮೆಂಟಿನ ತಿರುಗುವ ಗೂಡಿನೊಳಗೆ ಸುಣ್ಣಕಲ್ಲೂ ಜೇಡಿಯೂ ಬೆಂದು ಕ್ಲಿಂಕರ್ ಆಗುವುದು ಸುಮಾರು 1450 ಡಿಗ್ರಿಯಲ್ಲಿ. ಗೂಡಿನ ಹೊರಕವಚ ಉಕ್ಕಿನದು; ಅಷ್ಟು ಬಿಸಿ ತಾಗಿದರೆ ಅದು ಮೆತ್ತಗಾಗಿ ಬಾಗಿಹೋಗುತ್ತದೆ. ನಡುವೆ ಇರುವುದು ಸುಮಾರು 20 ಸೆಂಟಿಮೀಟರ್ ದಪ್ಪದ ಇಟ್ಟಿಗೆಯ ಒಳಪದರ ಮಾತ್ರ. ಆ ದಪ್ಪದಲ್ಲಿ ತಾಪ ಸಾವಿರ ಡಿಗ್ರಿಗೂ ಮೇಲೆ ಇಳಿದು ಉಕ್ಕನ್ನು ಮುಟ್ಟುವ ಹೊತ್ತಿಗೆ 300ರ ಆಸುಪಾಸಿಗೆ ಬರಬೇಕು. ಮ್ಯಾಗ್ನೆಸೈಟಿನ ಇಟ್ಟಿಗೆ ಕ್ಲಿಂಕರಿನ ಕ್ಷಾರವನ್ನು ತಡೆಯುತ್ತದೆ, ಆದರೆ ಬೆಂಕಿಮಣ್ಣಿನ ಇಟ್ಟಿಗೆಗಿಂತ ಬೇಗ ಬಿಸಿಯನ್ನು ಬಿಟ್ಟುಕೊಡುತ್ತದೆ. ಒಂದು ಗುಣ ಬೇಕೆಂದರೆ ಇನ್ನೊಂದನ್ನು ಸಹಿಸಬೇಕು. ಎಲ್ಲಿ ಯಾವುದು, ಎಷ್ಟು ದಪ್ಪ ಎಂದು ತೀರ್ಮಾನಿಸುವುದು ಫೂರಿಯೆ ಅವರ ಲೆಕ್ಕದಿಂದಲೇ. ಒಂದು ಇಟ್ಟಿಗೆ ಕಳಚಿಬಿದ್ದರೂ ಹೊರಗಿನ ಉಕ್ಕಿನ ಮೇಲೆ ಆ ಜಾಗ ಕೆಂಪಾಗಿ ಕಾಣಿಸುತ್ತದೆ. ರಾತ್ರಿಪಾಳಿಯವರು ಕಣ್ಣಿಟ್ಟು ಕಾಯುವುದು ಅದನ್ನೇ.

ತೊಪ್ಪೂರು ಘಾಟಿಯ ಹೆಸರು ಕೇಳಿದರೆ ನಮ್ಮ ಲಾರಿ ಮನೆಗಳಲ್ಲಿ ಮಾತು ತಗ್ಗುತ್ತದೆ. ಧರ್ಮಪುರಿಯಿಂದ ಸೇಲಂ ಕಡೆಗೆ ಇಳಿಯುವ ಆ ದಾರಿಯಲ್ಲಿ ಎಷ್ಟೋ ಅಪಘಾತಗಳಾಗಿವೆ. ಹೊರೆ ತುಂಬಿದ ಲಾರಿ ಇಳಿಜಾರಿನಲ್ಲಿ ಕಳೆದುಕೊಳ್ಳುವ ಶಕ್ತಿಯೆಲ್ಲ ಬ್ರೇಕಿನ ಲೈನರ್ ಡ್ರಮ್ಮಿಗೆ ಉಜ್ಜುವ ಮೈಯಲ್ಲಿ ಉಷ್ಣವಾಗುತ್ತದೆ. ಆ ಉಷ್ಣ ಡ್ರಮ್ಮಿನ ಕಬ್ಬಿಣವನ್ನು ದಾಟಿ ಹೊರಗಿನ ಗಾಳಿಗೆ ಸೇರಬೇಕು. ಹುಟ್ಟುವ ವೇಗ ದಾಟುವ ವೇಗಕ್ಕಿಂತ ಹೆಚ್ಚಾದರೆ ಡ್ರಮ್ ಕಾಯುತ್ತಲೇ ಹೋಗುತ್ತದೆ, ಲೈನರ್ ಹಿಡಿತವನ್ನು ಬಿಡುತ್ತದೆ, ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿ ಎಂದು ಹಿರಿಯ ಚಾಲಕರು ಕಿರಿಯರಿಗೆ ಹೇಳಿಕೊಡುವುದರ ಅರ್ಥ ಇದು: ಹೊರೆಯ ಒಂದು ಪಾಲನ್ನು ಎಂಜಿನ್ ಹೊತ್ತರೆ ಡ್ರಮ್ಮಿಗೆ ಉಸಿರಾಡಲು ಬಿಡುವು ಸಿಗುತ್ತದೆ. ನ್ಯೂಟ್ರಲ್ಲಿಗೆ ಹಾಕಿ ಡೀಸೆಲ್ ಉಳಿಸುವವರು ಆ ಬಿಡುವನ್ನು ಕಸಿದುಕೊಳ್ಳುತ್ತಾರೆ. ಈ ಪುಟಗಳನ್ನು ಓದುವ ತಾಯಿತಂದೆಯರು ಇದೊಂದನ್ನು ಮನೆಯಲ್ಲಿ ಹೇಳಿದರೂ ನಮ್ಮ ಬರವಣಿಗೆ ಸಾರ್ಥಕ.

ಅಣೆಕಟ್ಟಿನ ಲೆಕ್ಕ ಇನ್ನೊಂದು ಬಗೆಯದು. ನಮ್ಮ ಜಿಲ್ಲೆಯ ಮೆಟ್ಟೂರು ಅಣೆಕಟ್ಟು 1925ರಿಂದ 1934ರವರೆಗೆ ಕಟ್ಟಲ್ಪಟ್ಟಿತು. ಸಿಮೆಂಟ್ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ, ಮನೆಯ ಗೋಡೆಯಲ್ಲಾದರೆ ಆ ಬಿಸಿ ಬೇಗ ಹೊರಟುಹೋಗುತ್ತದೆ. ಮೀಟರುಗಟ್ಟಲೆ ದಪ್ಪದ ಅಣೆಕಟ್ಟಿನಲ್ಲಿ ಆ ವರ್ಗದ ನಿಯಮ ಕಾಡುತ್ತದೆ: ಒಂದು ಮೀಟರ್ ಗೋಡೆ ಆರುವ ಕಾಲದ 3600 ಪಟ್ಟು ಕಾಲ 60 ಮೀಟರ್ ಗೋಡೆಗೆ ಬೇಕು. ಒಳಗೆ ಬಿಸಿ, ಹೊರಗೆ ತಂಪು ಎಂದಾದರೆ ಕಾಂಕ್ರೀಟು ಬಿರಿಯುತ್ತದೆ. ಮೆಟ್ಟೂರಿನ ಓರಗೆಯದಾದ ಅಮೆರಿಕದ ಹೂವರ್ ಅಣೆಕಟ್ಟು ತಾನಾಗಿಯೇ ಆರಲು ನೂರು ವರ್ಷಕ್ಕೂ ಮೇಲೆ ಹಿಡಿಯುತ್ತದೆಂದು ಲೆಕ್ಕ ಹಾಕಿ, ಅದರೊಳಗೆ 900 ಕಿಲೋಮೀಟರಿಗೂ ಉದ್ದದ ಕೊಳವೆಗಳನ್ನು ಹುದುಗಿಸಿ ತಣ್ಣೀರು ಹರಿಸಿದರು.

ಇನ್ನು ದುರ್ಗದ ಗೋಡೆ. ದಿನದ ಬಿಸಿ ಕಲ್ಲಿನೊಳಕ್ಕೆ ಅಲೆಯಾಗಿ ಇಳಿಯುತ್ತದೆ, ಇಳಿದಂತೆಲ್ಲ ಕುಗ್ಗುತ್ತದೆ, ತಡವೂ ಆಗುತ್ತದೆ. ಅರ್ಧ ಮೀಟರಿಗಿಂತ ತುಸು ಹೆಚ್ಚಿನ ಆಳದಲ್ಲಿ ಈ ತಡ ಹನ್ನೆರಡು ಗಂಟೆ. ಹೊರಗೆ ಮಧ್ಯಾಹ್ನವಾದಾಗ ಅಲ್ಲಿ ನಡುರಾತ್ರಿ, ಏರಿಳಿತವೂ ಹೊರಗಿನದರ ಇಪ್ಪತ್ತನೆಯ ಒಂದು ಪಾಲಿಗಿಂತ ಕಡಿಮೆ. ಋತುಗಳ ಅಲೆ ನಿಧಾನವಾದುದರಿಂದ ಸುಮಾರು ಹತ್ತೊಂಬತ್ತು ಪಟ್ಟು ಆಳಕ್ಕೆ ಹೋಗುತ್ತದೆ, ಏಕೆಂದರೆ 365ರ ವರ್ಗಮೂಲ 19ಕ್ಕೆ ಸಮೀಪ. ಕಲ್ಲುನೆಲದಲ್ಲಿ ಹತ್ತು ಮೀಟರಿನ ಆಳದಲ್ಲಿ ಬೇಸಗೆಯೂ ಚಳಿಗಾಲವೂ ಅದಲುಬದಲಾಗಿರುತ್ತವೆ. ಇಂಥ ಲೆಕ್ಕವನ್ನು ಫೂರಿಯೆ ತಾವೇ ಮಾಡಿದ್ದರು.

ಭೂಮಿಯ ತಾಪದ ಪ್ರಶ್ನೆ ಅವರನ್ನು ಕೊನೆಯವರೆಗೂ ಕಾಡಿತು. ಸೂರ್ಯನಿಂದ ಬರುವುದನ್ನೂ ಆಕಾಶಕ್ಕೆ ಬಿಟ್ಟುಕೊಡುವುದನ್ನೂ ತೂಗಿನೋಡಿ, ವಾಯುಮಂಡಲವು ಬೆಳಕನ್ನು ಒಳಬಿಡುವಷ್ಟು ಸುಲಭವಾಗಿ ನೆಲದ ಉಷ್ಣವನ್ನು ಹೊರಬಿಡುವುದಿಲ್ಲ ಎಂದು 1824ರ ಪ್ರಬಂಧದಲ್ಲಿ ಸೂಚಿಸಿದರು. ಇಂದು ಪತ್ರಿಕೆಗಳಲ್ಲಿ ನಾವು ಓದುವ ಹಸಿರುಮನೆ ಪರಿಣಾಮದ ಚರ್ಚೆಯ ಬೇರು ಅಲ್ಲಿದೆ. ಅವರ ಲೆಕ್ಕದ ಮಾದರಿಯನ್ನು ಹಿಡಿದು ಜರ್ಮನಿಯ ಓಮ್ 1827ರಲ್ಲಿ ವಿದ್ಯುತ್ತಿನ ಹರಿವಿನ ನಿಯಮವನ್ನು ಬರೆದರು. 1829ರಲ್ಲಿ ಡಿರಿಕ್ಲೆ ಅಲೆಗಳ ಮೊತ್ತದ ವಾದದಲ್ಲಿ ಉಳಿದಿದ್ದ ತೆರಪನ್ನು ಬಹುಮಟ್ಟಿಗೆ ತುಂಬಿದರು. ಲಗ್ರಾಂಜರ ಆಕ್ಷೇಪಕ್ಕೆ ಉತ್ತರ ಸಿಕ್ಕಿತು, ಆದರೆ ಕೇಳಲು ಲಗ್ರಾಂಜ್ ಇರಲಿಲ್ಲ. 1840ರಲ್ಲಿ ಗ್ಲಾಸ್ಗೋದ ಹುಡುಗನೊಬ್ಬ ಫೂರಿಯೆ ಗ್ರಂಥವನ್ನು ಗ್ರಂಥಾಲಯದಿಂದ ತಂದು ಎರಡು ವಾರದಲ್ಲಿ ಓದಿ ಮುಗಿಸಿದನು. ಅವನೇ ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾಗಿ, ಭೂಮಿ ಆರುತ್ತ ಬಂದ ಲೆಕ್ಕದಿಂದ ಅದರ ವಯಸ್ಸನ್ನು ಎಣಿಸಲು ಹೊರಟನು. ಒಳಗಿನ ವಿಕಿರಣಶೀಲ ವಸ್ತುಗಳ ಬಿಸಿಯೂ ಆಳದ ಶಿಲೆಗಳ ನಿಧಾನವಾದ ಹೊರಳಾಟವೂ ಆಗ ಗೊತ್ತಿರಲಿಲ್ಲವಾದ್ದರಿಂದ ಉತ್ತರ ತಪ್ಪಿತು.

ಕಾರ್ಯದರ್ಶಿಯಾಗಿ ಫೂರಿಯೆ ಕಿರಿಯರಿಗೆ ನೆರಳಾಗಿದ್ದರು. ಹೆಂಗಸೆಂಬ ಕಾರಣಕ್ಕೆ ಅಕಾಡೆಮಿಯ ಸಭೆಗಳಿಂದ ಹೊರಗುಳಿದಿದ್ದ ಗಣಿತಜ್ಞೆ ಸೋಫಿ ಜೆರ್ಮೇನ್ ಅವರಿಗೆ ಅಲ್ಲಿ ಕುಳಿತುಕೊಳ್ಳಲು ಸ್ಥಳ ದೊರಕಿಸಿಕೊಟ್ಟರು. ಒಂದು ವಿಷಾದದ ಸಂಗತಿಯೂ ಇದೆ. 1830ರಲ್ಲಿ ತರುಣ ಗಾಲ್ವಾ ಬಹುಮಾನಕ್ಕಾಗಿ ಒಪ್ಪಿಸಿದ ಹಸ್ತಪ್ರತಿ ಫೂರಿಯೆ ಅವರ ಮನೆಗೆ ಹೋಯಿತು, ಅವರು ಓದುವ ಮೊದಲೇ ತೀರಿಕೊಂಡರು, ಹಸ್ತಪ್ರತಿ ಮತ್ತೆ ಸಿಕ್ಕಲಿಲ್ಲ. ತಮ್ಮ ಪ್ರಬಂಧಕ್ಕಾಗಿ ಅಷ್ಟು ಕಾದವರ ಕೈಯಲ್ಲಿಯೇ ಇನ್ನೊಬ್ಬನ ಪ್ರಬಂಧ ಕಳೆದುಹೋಯಿತು.

ಮದುವೆಯಾಗಿರಲಿಲ್ಲ. ಈಜಿಪ್ಟಿನಿಂದ ಬಂದ ಮೇಲೆ ಚಳಿಯನ್ನು ತಡೆಯಲಾರದೆ, ಕೋಣೆಯನ್ನು ಅತಿಯಾಗಿ ಕಾಯಿಸಿಕೊಂಡು, ಬೇಸಗೆಯಲ್ಲಿಯೂ ಬಟ್ಟೆಯ ಮೇಲೆ ಬಟ್ಟೆ ಹೊದ್ದು ಕೂರುತ್ತಿದ್ದರೆಂದು ಕಂಡವರು ಹೇಳಿದ್ದಾರೆ. ನೋಡಲು ಬಂದ ಸ್ನೇಹಿತರು ಬೆವರುತ್ತಿದ್ದರಂತೆ. 1830ರ ಮೇ 4ರಂದು ಮೆಟ್ಟಿಲಿಳಿಯುವಾಗ ಬಿದ್ದರು. ಮೊದಲೇ ದುರ್ಬಲವಾಗಿದ್ದ ಆರೋಗ್ಯ ಇನ್ನಷ್ಟು ಕೆಟ್ಟಿತು. ಮೇ 16ರಂದು ಪ್ಯಾರಿಸ್ಸಿನಲ್ಲಿ ನಿಧನರಾದರು, ಅರವತ್ತೆರಡನೆಯ ವಯಸ್ಸಿನಲ್ಲಿ. ಪೇರ್ ಲಾಶೇಸ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಐಫೆಲ್ ಗೋಪುರದ ಮೇಲೆ ಕೆತ್ತಿರುವ 72 ಹೆಸರುಗಳಲ್ಲಿ ಅವರದೂ ಒಂದು. ಹುಟ್ಟೂರಾದ ಓಸೇರಿನಲ್ಲಿ 1849ರಲ್ಲಿ ಅವರ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹಕ್ಕಾಗಿ ಅದನ್ನು ಕಿತ್ತು ಕರಗಿಸಿದರು.